ಹಲ್ಲುನೆಂಟರು

ನಮ್ಮೂರಿನಲ್ಲಿ ಹಲ್ಲು ಒಬ್ಬರದು, ನೋವು ಇನ್ನೊಬ್ಬರದು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ಈ ಊರಿಗೆ ಹಲ್ಲಿನ ಡಾಕ್ಟರೆಂದು ಇರುವವಳು ನಾನೊಬ್ಬಳೇ. ಕಾಲೇಜಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಬಂದದ್ದು ಯಾತಕ್ಕೆಂದರೆ, ಬಾಯಿ ತೆರೆದು ಹಾಯಾಗಿ ಮಲಗಿದವನ ಹಲ್ಲು ಕೀಳುತ್ತ, ಪಕ್ಕದ ಕುರ್ಚಿಯವನು ಹುಯ್ಯಲಿಡುವುದನ್ನು ಕೇಳುವುದಕ್ಕೆ. ಮೊದಮೊದಲು ನನಗೆ ಅಳು ಬರುತ್ತಿತ್ತು. ಈಗ ಅಭ್ಯಾಸವಾಗಿದೆ.

ಯಾರ ಹಲ್ಲಿನ ನೋವು ಯಾರ ಪಾಲಿಗೆ ಎಂಬುದು ಮೊದಲ ಸಲ ಹುಳುಕು ಹತ್ತುವವರೆಗೆ ಯಾರಿಗೂ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ, ಕಬ್ಬು ಸಿಗಿದು ತಿನ್ನುವಂಥ ಗಟ್ಟಿ ಹಲ್ಲಿನ ಮನುಷ್ಯ ಕೆನ್ನೆ ಹಿಡಿದುಕೊಂಡು ಏಳುತ್ತಾನೆ. ಬಟ್ಟೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ, "ಯಾರದ್ರಪ್ಪಾ ಇದು? ಹೊರಗ್ ಬನ್ನಿ" ಎಂದು ಕೂಗುತ್ತಾನೆ. ಅನುಮಾನ ಇರುವವರೆಲ್ಲ ಜಗಲಿಗೆ ಬಂದು ಒಂದು ಗುಟುಕು ತಣ್ಣೀರು ಹಾಕಿಕೊಂಡು ಮುಕ್ಕಳಿಸುತ್ತಾರೆ. ಯಾರು ಮುಕ್ಕಳಿಸಿದಾಗ ಇವನು ನೆಲಬಿಟ್ಟು ಕುಣಿಯುತ್ತಾನೋ ಅವರಿಬ್ಬರು ಅಂದಿನಿಂದ ಹಲ್ಲುನೆಂಟರು. ಗಂಡ ಹೆಂಡಿರನ್ನಾದರೆ ಕೋರ್ಟಿನಲ್ಲಿ ಬಿಡಿಸಬಹುದು, ಈ ನೆಂಟಸ್ತನಕ್ಕೆ ಬಿಡುಗಡೆಯೇ ಇಲ್ಲ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರ ಹಲ್ಲುನೋವು, ಅವರೇ ಮೇಲಿಂದ ಮೇಲೆ ನಪಾಸು ಮಾಡಿ ಶಾಲೆ ಬಿಡಿಸಿದ ಟೈಲರ್ ಪಾಪಣ್ಣನಿಗೆ ಗಂಟುಬಿದ್ದಿದೆ. ಪಾಪಣ್ಣ ದಿನಾ ಬೆಳಿಗ್ಗೆ ಅವರ ಮನೆ ಹಿತ್ತಲಿಗೆ ಹೋಗಿ ಎದುರು ನಿಂತು, "ಹಿಂದ್ಗಡೆ ಸಾರ್, ಹಿಂದ್ಗಡೆ. ಗಮನ ಇಟ್ಟು ಮಾಡ್ಬೇಕು" ಎಂದು ಬ್ರಷ್ ಹಿಡಿಯುವುದನ್ನು ಕಲಿಸಿಕೊಡುತ್ತಾನೆ. ನಮ್ಮೂರಿನ ಬೀದಿಗಳಲ್ಲಿ ಬೆಳಗಿನ ಹೊತ್ತು ಹಲ್ಲುಜ್ಜುವವರಿಗಿಂತ ಉಜ್ಜಿಸುವವರೇ ಜಾಸ್ತಿ.

ಹೀಗಾಗಿ ನನ್ನ ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ. ಒಂದರಲ್ಲಿ ಹಲ್ಲಿನವರು, ಇನ್ನೊಂದರಲ್ಲಿ ನೋವಿನವರು. ಇಂಜೆಕ್ಷನ್ ಇಲ್ಲಿ ಕೆಲಸಕ್ಕೆ ಬಾರದು. ಹಲ್ಲಿನವರಿಗೆ ಚುಚ್ಚಿದರೆ ಅವರ ತುಟಿ ಜೋಮು ಹಿಡಿದು ಜೊಲ್ಲು ಸುರಿಯುತ್ತದೆ, ನೋವಿನವರು ಕಿರುಚುವುದು ಕಿರುಚುತ್ತಲೇ ಇರುತ್ತಾರೆ. ನೋವಿನವರಿಗೆ ಚುಚ್ಚಿದರೆ ಅವರ ದವಡೆ ಮರಗಟ್ಟುತ್ತದೆ, ನೋವು ಮಾತ್ರ ತನ್ನ ಪಾಡಿಗೆ ತಾನು ಬಂದು ಕೂರುತ್ತದೆ. ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿಯೂ ನೋಡಿದ್ದಾಯಿತು. ಅಲ್ಲಿನ ಡಾಕ್ಟರು ಈ ಕಥೆಯನ್ನೆಲ್ಲ ನಂಬದೆ ಹಲ್ಲು ಕಿತ್ತು ಕಳಿಸಿದರು, ಇಲ್ಲಿ ಸಂತೆಯ ನಡುವೆ ಸೊಪ್ಪು ಮಾರುತ್ತಿದ್ದವಳು ಸೊಪ್ಪಿನ ಮೇಲೆಯೇ ಬಿದ್ದು ಹೊರಳಾಡಿದಳು. ಕೊನೆಗೆ ಉಳಿದದ್ದು ಗ್ಯಾಸು ಒಂದೇ. ನಗಿಸುವ ಗ್ಯಾಸು ಅನ್ನುತ್ತಾರಲ್ಲ, ಅದು. ಅದು ನೋವನ್ನು ಪೂರ್ತಿ ಕೊಲ್ಲುವುದಿಲ್ಲ. ನೋವು ಬಂದರೆ ಬರಲಿ, ಬಂದವರನ್ನು ಬೇಡ ಅನ್ನಲಾಗುತ್ತದೆಯೇ ಅನ್ನುವಂಥ ಧಾರಾಳ ಬುದ್ಧಿ ಕೊಡುತ್ತದೆ. ನಮ್ಮೂರಿಗೆ ಅದೇ ಬೇಕಾಗಿತ್ತು.

ಆದರೆ ಗ್ಯಾಸು ಅಂದರೆ ಹುಡುಗಾಟವಲ್ಲ. ನನಗಿಂತ ಮುಂಚೆ ಇದ್ದ ಡಾಕ್ಟರು ಅದನ್ನು ಊದುಬತ್ತಿ ಹಚ್ಚಿದಷ್ಟು ಸಲೀಸಾಗಿ ಬಿಡುತ್ತಿದ್ದರಂತೆ. ನೋವಿನವರ ಮೂಗಿಗೆ ಮಾಸ್ಕು ಸಿಕ್ಕಿಸಿ ತಾವು ಟೀ ಕುಡಿಯಲು ಹೋಗುತ್ತಿದ್ದರು. ಹಲ್ಲು ಬಂದ ತಕ್ಷಣ ಮಾಸ್ಕು ತೆಗೆದು, ಎದ್ದು ಹೋಗಿ ಎಂದು ಬೆನ್ನು ತಟ್ಟುತ್ತಿದ್ದರು. ಹಾಗೆ ಎದ್ದು ಹೋದ ಒಬ್ಬ, ದಾರಿಯಲ್ಲಿ ಸಿಕ್ಕ ನೆರೆಮನೆಯವನಿಗೆ ಹಾಲು ಕರೆಯುವ ಎಮ್ಮೆಯನ್ನು ದಾನ ಮಾಡಿ ಮನೆ ಸೇರಿದ. ಅಮಲು ಇಳಿದ ಮೇಲೆ ಕೇಳಲು ಹೋದರೆ ಆ ಪುಣ್ಯಾತ್ಮ, ಕೊಟ್ಟ ದಾನ ವಾಪಸು ಕೇಳಬಾರದು ಎಂದು ಧರ್ಮ ಹೇಳಿದ. ಎಮ್ಮೆ ಈಗಲೂ ಅಲ್ಲೇ ಇದೆ. ರೋಗಿ ಬಿಟ್ಟ ಉಸಿರನ್ನು ಹೊರಗೆ ಒಯ್ಯುವ ಕೊಳವೆಯನ್ನು ಆ ಮಹಾನುಭಾವರು ಬೀದಿಯ ಕಡೆಗೇ ತೆರೆದಿಟ್ಟಿದ್ದರು. ಅದರ ಕೆಳಗಿನ ಕಟ್ಟೆಯ ಮೇಲೆ ಇಸ್ಪೀಟಾಡುವ ಯಜಮಾನರು ಸೋತರೂ ಗೆದ್ದರೂ ಒಂದೇ ಸಮನೆ ನಗುತ್ತ ಕೂತಿರುತ್ತಿದ್ದರು. ನಾನು ಬಂದು ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಎತ್ತಿಸಿದಾಗ ಅವರೆಲ್ಲ ಸೇರಿ ಪಂಚಾಯಿತಿಗೆ ದೂರು ಕೊಟ್ಟರು. ಹಿರಿಯರ ನೆಮ್ಮದಿಗೆ ಕಲ್ಲು ಹಾಕಿದಳು ಎಂಬುದು ನನ್ನ ಮೇಲಿನ ಆರೋಪ.

ನಾನು ಜಗ್ಗಲಿಲ್ಲ. ಮೊದಲು ಬರೀ ಆಕ್ಸಿಜನ್, ಆಮೇಲೆ ಗ್ಯಾಸು ಚೂರುಚೂರೇ, ಬೆರಳ ತುದಿ ಜುಮ್ಮೆಂದು ಮೈ ಹಗುರಾಗುವವರೆಗೆ ಸಾಕು. ನೋವಿನವರು ಕೊನೆತನಕ ಎಚ್ಚರವಾಗಿರಬೇಕು, ಮಾತಾಡಿಸಿದರೆ ಮಾತಾಡಬೇಕು. ಮಾಸ್ಕು ಮೂಗಿನ ಮೇಲೆ ಇರುವಷ್ಟು ಹೊತ್ತು ನಾನಾಗಲಿ ನನ್ನ ಸಹಾಯಕಿ ಜುಬೇದಾ ಆಗಲಿ ಪಕ್ಕದಿಂದ ಕದಲಬಾರದು. ಮುಗಿದ ಮೇಲೆ ಮತ್ತೆ ಬರೀ ಆಕ್ಸಿಜನ್, ತಲೆ ತಿಳಿಯಾಗುವವರೆಗೆ. ನಿಮ್ಮ ಎಮ್ಮೆ ನನಗೆ ಕೊಡ್ತೀರಾ ಎಂದು ಜುಬೇದಾ ಕೇಳುತ್ತಾಳೆ. "ಯಾರ್ ಎಮ್ಮೆ, ಯಾಕ್ ಕೊಡ್ಲಿ?" ಎಂದು ರೇಗಿದರೆ ಮಾತ್ರ ಕುರ್ಚಿಯಿಂದ ಇಳಿಸುವುದು. ಇನ್ನು ಗ್ಯಾಸು ಯಾರಿಗೆ ಕೊಡಬಾರದು ಎಂಬ ನಾಲ್ಕು ಮಾತು ನಮ್ಮೂರಿನ ಮಕ್ಕಳ ಬಾಯಲ್ಲೂ ಇದೆ. ಮೂಗು ಕಟ್ಟಿರಬಾರದು, ಹೊಟ್ಟೆ ಬಿರಿಯ ಉಂಡಿರಬಾರದು, ಉಸಿರಾಟದ ಕಾಯಿಲೆ ಇರಬಾರದು, ಬಸಿರಿನ ಮೊದಲ ತಿಂಗಳುಗಳಾಗಿರಬಾರದು. ಕಾಯಿಲೆ ಕಸಾಲೆ ಬೇರೆ ಇದ್ದರೆ ಅದನ್ನೂ ಕೇಳುತ್ತೇನೆ, ಆದರೆ ಊರು ನೆನಪಿಟ್ಟುಕೊಂಡದ್ದು ಈ ನಾಲ್ಕನ್ನೇ. ಜುಬೇದಾ ಮೊದಲ ಸಲ ಬಸುರಿಯಾದಾಗ ಮೂರು ತಿಂಗಳು ಅವಳನ್ನು ಗ್ಯಾಸಿನ ಕೋಣೆಯ ಹೊಸ್ತಿಲು ದಾಟಲು ನಾನು ಬಿಡಲಿಲ್ಲ. ಡಂಗುರ ಹೊಡೆಸದೆಯೇ ಊರಿಗೆಲ್ಲ ಸುದ್ದಿ ಗೊತ್ತಾಗಿಹೋಯಿತು.

ನಾನು ಸೋತು ಸುಣ್ಣವಾಗುವಂತೆ ಮಾಡಿದ್ದು ಈ ಊರಿನ ಒಂದು ಪದ್ಧತಿ. ಎರಡನೇ ಕುರ್ಚಿಯಲ್ಲಿ ಕೂತವರನ್ನು ಏನು ಕೇಳಿದರೂ ಉತ್ತರ ಕೊಡುವವರು ಮೊದಲ ಕುರ್ಚಿಯವರು. ಹಲ್ಲಿನವರೇ ಯಜಮಾನರು, ನೋವಿನವರು ಅವರ ಕಡೆಯವರು ಎಂಬುದು ಇಲ್ಲಿನ ಮರ್ಯಾದೆ. ನಾನು ಪಾಪಣ್ಣನ ಕಡೆ ತಿರುಗಿ ಊಟ ಏನಾಯಿತಪ್ಪ ಎಂದರೆ ಹೆಡ್‌ಮಾಸ್ಟರು, "ನಂದು ಅವಲಕ್ಕಿ ಆಯ್ತು" ಅನ್ನುತ್ತಾರೆ. ನೋವಿನವರು ತಪ್ಪಿಯೂ ಬಾಯಿ ಬಿಡುವುದಿಲ್ಲ. ಅವರಿಗೆ ಬಾಯಿ ಬರುವುದು ಹಲ್ಲು ಅಲುಗಾಡಿದಾಗ ಮಾತ್ರ. ಆಗ ಏನೇ ಬೈದರೂ ಅದಕ್ಕೆ ಮಾಫಿ. ಎರಡನೇ ಕುರ್ಚಿಯಲ್ಲಿ ಬೈದ ಮಾತಿಗೆ ಆಮೇಲೆ ಮುನಿಸಿಕೊಳ್ಳುವ ಹಾಗಿಲ್ಲ ಎಂಬುದೂ ಅಜ್ಜಂದಿರ ಕಾಲದಿಂದ ಬಂದದ್ದೇ. ಗ್ಯಾಸು ಬಂದ ಮೇಲೆ ಪಾಪ ಆ ಸುಖವೂ ಅವರಿಗೆ ತಪ್ಪಿಹೋಗಿದೆ. ಮಾಸ್ಕು ಹಾಕಿಕೊಂಡವರು ಬೈಯುವುದು ಹಾಗಿರಲಿ, ನನ್ನ ಇಕ್ಕಳವನ್ನೇ ಮುದ್ದು ಮಾಡುತ್ತಾರೆ.

ಹೀಗಿರುವಾಗ ಒಂದು ದಿನ ಮಿಠಾಯಿ ಅಂಗಡಿಯ ಸಣ್ಣರಂಗಮ್ಮ ತನ್ನ ಸೊಸೆಯನ್ನು ಹಿಂದಿಟ್ಟುಕೊಂಡು ಬಂದಳು. ಹೆಸರಿಗಷ್ಟೇ ಸಣ್ಣ. ಆಳೂ ದೊಡ್ಡದು, ಬಾಯಿಯೂ ದೊಡ್ಡದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬಾಣಲೆಯ ಮುಂದೆ ನಿಂತು ಮಗನನ್ನು ಸಾಕಿದವಳು. ಪಾಕ ಏರಿತೋ ಇಲ್ಲವೋ ಎಂದು ನಾಲಿಗೆಯ ಮೇಲಿಟ್ಟುಕೊಂಡೇ ಹೇಳುವವಳು. ದಿನವಿಡೀ ರುಚಿ ನೋಡಿ ನೋಡಿ ಅವಳ ದವಡೆಹಲ್ಲುಗಳು ಒಳಗೊಳಗೇ ಕರಗಿದ್ದವು. ಅದರಿಂದ ಅವಳಿಗೇನು? ಅವಳ ಹಲ್ಲುನೆಂಟಳು ಸೊಸೆ ಇಂದ್ರಾಣಿ. ಮದುವೆಯಾಗಿ ಬಂದ ಹೊಸದರಲ್ಲೇ, ಎಲೆಯ ಮುಂದೆ ಕೂತು ಅತ್ತೆ ಚಿಕ್ಕಿ ಕಡಿದಾಗ ಈ ಹುಡುಗಿ ಅನ್ನದ ತುತ್ತು ಬಿಟ್ಟು ಚೀರಿದ್ದಳು. "ಬಂದಳು ನೋಡ್ರಮ್ಮ ನನ್ನ ನೋವು ತಗೊಳ್ಳೋಕೆ" ಎಂದು ಸಣ್ಣರಂಗಮ್ಮ ಅಂದೇ ಊರಿಗೆಲ್ಲ ಹೇಳಿಕೊಂಡು ಮೆರೆದಳು.

ಈಗ ಸಣ್ಣರಂಗಮ್ಮನ ಮುಖವೇ ಬೇರೆಯಾಗಿತ್ತು. ಒಂದು ಕಡೆಯ ದವಡೆ ಊದಿ ಗದ್ದದ ಕೆಳಗೆ ಇಳಿದಿತ್ತು. ಮೈ ಸುಡುತ್ತಿತ್ತು, ಎಂಜಲು ನುಂಗಲು ಕಷ್ಟಪಡುತ್ತಿದ್ದಳು. ಆದರೂ ದರ್ಪ ಇಳಿದಿರಲಿಲ್ಲ.

"ಏನೋ ಚೂರು ಬಾವು ಬಂದದೆ ಡಾಕ್ಟ್ರಮ್ಮ. ನೋವಿಲ್ಲ ಏನಿಲ್ಲ. ಇವ್ಳನ್ನ ಕೇಳಿದ್ರೆ ಇವ್ಳೂ ನೋವಿಲ್ಲ ಅಂತಾಳೆ. ಹಲ್ಲಿಂದಲ್ಲ ಬುಡಿ, ಸೆಕೆಗೆ ಬಂದಿರ್ಬೇಕು" ಅಂದಳು.

ನಾನು ಬಾಯಿ ತೆರೆಸಿ ನೋಡಿದೆ. ಕೆಳಗಿನ ಹಿಂದಲ ಹಲ್ಲು ಹೆಸರಿಗೆ ಮಾತ್ರ ಇತ್ತು, ಬುಡದಲ್ಲಿ ಕೀವು ತುಂಬಿತ್ತು. ಬಾಯಿ ನೋಡುವ ಪುಟ್ಟ ಕನ್ನಡಿಯ ಹಿಡಿಯಿಂದ ಮೆತ್ತಗೆ ಒಂದೇ ಒಂದು ಸಲ ತಟ್ಟಿದೆ. ಸಣ್ಣರಂಗಮ್ಮ ಕಣ್ಣು ಪಿಳುಕಿಸುತ್ತ ಮಲಗಿದ್ದಳು. ನಾನು ತಿರುಗಿ ನೋಡಿದ್ದು ಇಂದ್ರಾಣಿಯನ್ನು. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಇಷ್ಟು ಕೀವು ಕೂಡಬೇಕಾದರೆ ಹಲವು ದಿನಗಳಿಂದ ಆ ನೋವು ಕುದ್ದಿರಬೇಕು. ಈ ಊರಿನಲ್ಲಿ ಹಲ್ಲು ಕೆಟ್ಟಿದೆ ಎಂದು ಗೊತ್ತಾಗುವ ದಾರಿ ಒಂದೇ, ನೋವಿನವರು ಕೂಗಬೇಕು. ಇವಳು ಕೂಗಿಲ್ಲ, ಅದಕ್ಕೇ ಅವಳ ಕತ್ತು ಊದಿದೆ.

"ಇವತ್ತೇ ಕೀಳ್ಬೇಕು. ಬಿಟ್ರೆ ಬಾವು ಗಂಟಲಿಗಿಳಿದು ಉಸಿರು ಕಟ್ಟುತ್ತೆ. ತಮಾಷೆ ಅಲ್ಲ" ಅಂದೆ.

"ಹಂಗಾರೆ ಕೀಳಿ. ನಂಗೇನು? ಇವ್ಳಿಗೆ ಗ್ಯಾಸ್ ಹಾಕ್ಬುಡಿ, ಸುಮ್ನೆ ಬಿದ್ಕೊಂಡಿರ್ಲಿ. ಕಿರುಚಾಡಿದ್ರೆ ನಂಗೆ ತಲೆನೋವು ಬತ್ತದೆ" ಅಂದಳು ಸಣ್ಣರಂಗಮ್ಮ. ತಲೆನೋವು ಮಾತ್ರ ಈ ಊರಿನಲ್ಲೂ ಅವರವರದೇ.

ಜುಬೇದಾ ಗ್ಯಾಸಿನ ನೀಲಿ ಸಿಲಿಂಡರಿನ ಪಕ್ಕ ಹೋಗಿ ನಿಂತಳು. ನಾನು ಇಂದ್ರಾಣಿಯನ್ನು ಎರಡನೇ ಕುರ್ಚಿಯಲ್ಲಿ ಕೂರಿಸಿ ಎಂದಿನಂತೆ ಕೇಳತೊಡಗಿದೆ. ಮೂಗು ಕಟ್ಟಿದೆಯಾ ತಾಯಿ? "ಇಲ್ಲ" ಅಂದಳು ಅತ್ತೆ. ಊಟ? "ಗಂಜಿ" ಅಂದಳು ಅತ್ತೆ. ದಮ್ಮು ಗಿಮ್ಮು? "ಏನೂ ಇಲ್ಲ, ಎಮ್ಮೆ ಇದ್ದಂಗವ್ಳೆ." ಬಸುರಿ ಏನಾದ್ರೂ? "ಅಯ್ಯೋ, ಆ ಭಾಗ್ಯ ಎಲ್ಲೈತೆ ನಮ್ಗೆ? ಎರಡು ಸಲ ನಿಂತಂಗ್ ಮಾಡಿ ಹೋಯ್ತು. ಮೂರನೇದು ದೇವ್ರೇ ಬಲ್ಲ. ನೀವ್ ಹಾಕಿ ಡಾಕ್ಟ್ರಮ್ಮ, ಎಲ್ಲಾ ಸರಿಯಾಗೇ ಅದೆ."

ಇಂದ್ರಾಣಿ ತಲೆ ಎತ್ತಲಿಲ್ಲ. ಆದರೆ ಮಾಸ್ಕು ಹತ್ತಿರ ತಂದ ಕೂಡಲೇ ಅವಳ ಎರಡೂ ಕೈ ತಂತಾನೇ ಹೊಟ್ಟೆಯ ಮೇಲೆ ಹೋದವು. ನೋವಿರುವವರು ಕೆನ್ನೆ ಹಿಡಿದುಕೊಳ್ಳುತ್ತಾರೆ, ಹೊಟ್ಟೆಯನ್ನಲ್ಲ. ನಾನು ಮಾಸ್ಕು ಕೆಳಗಿಟ್ಟೆ.

"ಜುಬೇದಾ, ಸಣ್ಣರಂಗಮ್ಮನೋರನ್ನ ಪರದೆ ಆಚೆ ಕರ್ಕೊಂಡ್ ಹೋಗಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸೋಕ್ ಹೇಳು. ಬೆಚ್ಚಗಿರ್ಲಿ, ಮೆತ್ತಗೆ" ಅಂದೆ. ಪರದೆಯ ಆಚೆ ಮುಕ್ಕಳಿಸುವ ಸದ್ದು ಶುರುವಾಯಿತು. ಈಚೆ ಪ್ರತಿ ಗುಟುಕಿಗೂ ಇಂದ್ರಾಣಿ ಕುರ್ಚಿಯ ಹಿಡಿಯನ್ನು ಅವುಚುತ್ತಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, ತಿಂಗಳದ್ದು ಯಾವಾಗ ಆಗಿದ್ದು ಎಂದು ಕೇಳಿದೆ.

"ಆಗಿಲ್ಲ" ಅಂದಳು. ಅಷ್ಟೇ ಅನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು. "ಎರಡು ತಿಂಗಳು ಮೇಲಾಯ್ತು. ಯಾರ್ಗೂ ಹೇಳಿಲ್ಲ, ನಮ್ಮನೆಯವ್ರಿಗೂ ಹೇಳಿಲ್ಲ. ಹೋದ ಸಲ, ಅದರ ಹಿಂದಿನ ಸಲ, ಅತ್ತೆಮ್ಮ ಗೊತ್ತಾದ್ ಮಾರನೇ ದಿನಾನೇ ಊರ್ಗೆಲ್ಲಾ ಪೇಡ ಹಂಚಿದ್ರು. ಆಮೇಲೆ ನಾನು ಬೀದೀಲ್ ಹೋದ್ರೆ, ಪೇಡ ತಿಂದೋರೆಲ್ಲ ನನ್ ಹೊಟ್ಟೆ ನೋಡೋರು. ಈ ಸಲ ಹಂಗಾಗೋದು ಬ್ಯಾಡ ಅಕ್ಕಾ."

"ಅದಕ್ಕೇ ನೋವು ಬಂದ್ರೂ ಬಾಯಿ ಮುಚ್ಕೊಂಡಿದ್ಯಾ?"

"ಹೇಳಿದ್ರೆ ಇಲ್ಲಿಗ್ ಕರ್ಕೊಂಡ್ ಬರೋರು, ನೀವು ಗ್ಯಾಸ್ ಅನ್ನೋರು, ನಾನು ಬ್ಯಾಡ ಅಂದ್ರೆ ಯಾಕೆ ಅನ್ನೋರು. ಲವಂಗ ಕಚ್ಕೊಂಡ್ ಇದ್ದೆ. ಅತ್ತೆ ಹಲ್ಲಿಗೆ ನಾನ್ ಲವಂಗ ಕಚ್ಚಿದ್ರೆ ಏನ್ ಬಂತು? ಅವ್ರ ಕತ್ತು ಊದ್ತದೆ ಅಂತ ನಂಗ್ ಗೊತ್ತಿರ್ನಿಲ್ಲ ಕಣಕ್ಕಾ. ಸತ್ಯವಾಗ್ಲೂ ಗೊತ್ತಿರ್ನಿಲ್ಲ."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಈ ಹುಡುಗಿ ತನ್ನ ಮಗುವನ್ನು ಉಳಿಸಿಕೊಳ್ಳಲು ಹೋಗಿ ಅತ್ತೆಯ ಕುತ್ತಿಗೆಗೆ ತಂದಿಟ್ಟಿದ್ದಳು. ಒಂದು ಸಲ ಗ್ಯಾಸು ಕೊಟ್ಟರೆ ಆ ಎಳೆಯ ಬಸಿರಿಗೆ ಖಂಡಿತ ಏಟು ಬೀಳುತ್ತದೆಂದು ನಾನು ಹೇಳಲಾರೆ, ಬೀಳುವುದಿಲ್ಲವೆಂದೂ ಹೇಳಲಾರೆ. ಎರಡು ಸಲ ನಿಲ್ಲದ ಬಸಿರು ಬೇರೆ. ಹೆರವರ ಹೊಟ್ಟೆಯನ್ನು ಒತ್ತೆ ಇಟ್ಟು ಜೂಜಾಡಲು ನನಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಮಾಸ್ಕನ್ನು ಕೊಳವೆಯಿಂದಲೇ ಬಿಡಿಸಿ ಮೇಜಿನ ಮೇಲಿಟ್ಟೆ.

"ಗ್ಯಾಸ್ ಇಲ್ದೆ ಕೀಳ್ಬೇಕಾಗತ್ತೆ. ತಡ್ಕೊತೀಯಾ?"

ಅವಳು ಹೂಂ ಅಂದಳು. ಆಮೇಲೆ ನನ್ನ ಕೈ ಹಿಡಿದು, "ಅತ್ತೆಮ್ಮನಿಗೆ ಮಾತ್ರ ಹೇಳ್ಬ್ಯಾಡಿ" ಅಂದಳು.

ಅಷ್ಟರಲ್ಲಿ ಸಣ್ಣರಂಗಮ್ಮ ಪರದೆ ಸರಿಸಿಕೊಂಡು ಬಂದು ಮೊದಲ ಕುರ್ಚಿಯಲ್ಲಿ ಕೂತಳು. ಸೊಸೆಯ ಮುಖದ ಮೇಲೆ ಮಾಸ್ಕು ಇಲ್ಲದ್ದು ಕಂಡು ಹುಬ್ಬು ಗಂಟಿಕ್ಕಿದಳು. "ಯಾಕೆ, ಇನ್ನೂ ಹಾಕಿಲ್ವಾ?"

"ಇಂದ್ರಾಣಿಗೆ ಗ್ಯಾಸ್ ಬೇಡ. ಮೂಗು ಕಟ್ಟಿದ ಹಾಗಿದೆ" ಅಂದೆ. ಸುಳ್ಳು ಹೇಳುವುದರಲ್ಲಿ ನಾನು ಯಾವತ್ತೂ ದಡ್ಡಿ.

ಸಣ್ಣರಂಗಮ್ಮ ಎದ್ದು ಬಂದು ನನ್ನ ಟ್ರೇಯಲ್ಲಿದ್ದ ಕನ್ನಡಿಯನ್ನು ತೆಗೆದು ಸೊಸೆಯ ಮೂಗಿನ ಕೆಳಗೆ ಹಿಡಿದಳು. ಕನ್ನಡಿಯ ಮೇಲೆ ಎರಡು ಹೊಳ್ಳೆಯ ಹಬೆ ಸಮಸಮವಾಗಿ ಮೂಡಿತು. "ಎಲ್ಲಿ ಕಟ್ಟದೆ? ಎರಡೂ ಕಡೆ ಕೊಳಲು ಊದ್ದಂಗ್ ಉಸಿರು ಬತ್ತಾ ಅದೆ."

"ಹಾಗಲ್ಲ, ಸಿಲಿಂಡರು ಖಾಲಿ ಆಗಿದೆ."

ಇದು ಮೊದಲನೆಯದಕ್ಕಿಂತ ದಡ್ಡ ಸುಳ್ಳು. ಅವಳು ನೇರ ನೀಲಿ ಸಿಲಿಂಡರಿನ ಹತ್ತಿರ ಹೋಗಿ ಅದರ ಕತ್ತು ಹಿಡಿದು ಒಂದು ಕಡೆ ವಾಲಿಸಿ ತೂಕ ನೋಡಿದಳು. "ಡಾಕ್ಟ್ರಮ್ಮ, ಒಲೆ ಮುಂದೆ ಮುದುಕಿಯಾದೋಳು ನಾನು. ಸಿಲಿಂಡರ್ ಖಾಲಿನೋ ತುಂಬಿದ್ಯೋ ನಂಗ್ ಹೇಳ್ಕೊಡ್ತೀರಾ? ಇದು ಹೆಚ್ಚೂ ಕಮ್ಮಿ ತುಂಬೇ ಅದೆ." ಜುಬೇದಾ ನಗು ತಡೆಯಲಾರದೆ ಗೋಡೆ ಕಡೆ ತಿರುಗಿಕೊಂಡಳು. ನನಗೆ ನಗುವಷ್ಟು ಪುರುಸೊತ್ತಿರಲಿಲ್ಲ. ಮಾತಾಡುತ್ತ ಮಾತಾಡುತ್ತ ಆ ಹೆಂಗಸಿನ ದನಿ ಬಿಗಿಯುತ್ತಿತ್ತು, ಹೊತ್ತು ಹೋದಷ್ಟೂ ನನಗೆ ಭಯ.

"ಸಣ್ಣರಂಗಮ್ಮನೋರೇ, ಕೊಡೋ ಹಾಗಿಲ್ಲ ಅಂದ್ರೆ ಇಲ್ಲ. ಬಂದು ಕೂತ್ಕೊಳ್ಳಿ."

"ಯಾಕ್ ಕೊಡೋ ಹಂಗಿಲ್ಲ? ನಂಗೇನ್ ಕಾನೂನು ಗೊತ್ತಿಲ್ವಾ? ನೀವೇ ಊರ್ಗೆಲ್ಲ ಕಲಿಸಿರೋದು." ಸೊಂಟದ ಮೇಲೊಂದು ಕೈಯಿಟ್ಟು ಇನ್ನೊಂದನ್ನು ನನ್ನ ಮುಖದ ಮುಂದೆ ಚಾಚಿ ಬೆರಳು ಮಡಚತೊಡಗಿದಳು. "ಮೂಗು ಕಟ್ಟಿರ್ಬಾರ್ದು. ಕಟ್ಟಿಲ್ಲ, ನಾನೇ ನೋಡ್ದೆ. ಹೊಟ್ಟೆ ತುಂಬಿರ್ಬಾರ್ದು. ಬೆಳಿಗ್ಗೆಯಿಂದ ಒಂದ್ ಲೋಟ ಗಂಜಿ, ಅದನ್ನೂ ಅರ್ಧ ಚೆಲ್ಲಿದ್ಲು. ಉಸಿರಿನ್ ಕಾಯಿಲೆ. ಎರಡೆರಡು ಕೊಡ ನೀರು ಹೊತ್ಕೊಂಡು ಮಹಡಿ ಹತ್ತೋಳಿಗೆ ಯಾವ್ ಕಾಯಿಲೆ? ಇನ್ನು ಉಳಿದಿದ್ದು…"

ಉಳಿದಿದ್ದು ಕಿರುಬೆರಳು. ಅದು ಮಡಚಲಿಲ್ಲ. ಸಣ್ಣರಂಗಮ್ಮ ತನ್ನ ಕಿರುಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಸೊಸೆಯ ಕಡೆ ನೋಡಿದಳು. ಇಂದ್ರಾಣಿಯ ಕೈಗಳು ಇನ್ನೂ ಹೊಟ್ಟೆಯ ಮೇಲೇ ಇದ್ದವು, ತೆಗೆಯಲು ಮರೆತಿದ್ದಳು. ಚೆಲ್ಲಿದ ಗಂಜಿ, ಬೆಳಿಗ್ಗೆ ಬೆಳಿಗ್ಗೆ ಹಿತ್ತಲಿಗೆ ಓಡುತ್ತಿದ್ದದ್ದು, ತುಪ್ಪದ ವಾಸನೆ ಬಂದರೆ ಅಂಗಡಿ ಬಿಟ್ಟು ಹೋಗುತ್ತಿದ್ದದ್ದು, ಎಲ್ಲವೂ ಆ ಮುದುಕಿಯ ಮುಖದ ಮೇಲೆ ಒಂದಾದ ಮೇಲೊಂದು ಹಾದುಹೋಯಿತು.

ಅವಳ ಬಾಯಿ ತೆರೆಯಿತು. ಬಾಗಿಲಾಚೆ ಬೆಂಚಿನ ಮೇಲೆ ಕಾಯುತ್ತ ಕೂತವರು ಕಿವಿಯನ್ನು ಈ ಕಡೆಗೇ ಚಾಚಿಕೊಂಡಿದ್ದರು. ಹೆಡ್‌ಮಾಸ್ಟರೂ ಪಾಪಣ್ಣನೂ ಇದ್ದರು. ಈ ಹೆಂಗಸು ಒಂದು ಕೂಗು ಹಾಕಿದರೆ ಸಾಕು, ಸಂಜೆಯೊಳಗೆ ಪೇಡ. ಇಂದ್ರಾಣಿ ಕಣ್ಣು ಮುಚ್ಚಿಕೊಂಡಳು. ನನಗೂ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸಿತು.

ಸಣ್ಣರಂಗಮ್ಮ ಬಾಗಿಲಿನವರೆಗೆ ನಡೆದು ಹೋಗಿ ಹೊರಗಿನವರಿಗೆ ಕೇಳುವ ಹಾಗೆ ಸಾರಿದಳು: "ಸಿಲಿಂಡರ್ ಖಾಲಿಯಂತೆ ಕಣ್ರಪ್ಪಾ! ಎಂಥ ದರಿದ್ರದ್ ಆಸ್ಪತ್ರೆ ಇದು. ಹಂಗೇ ಕೀಳ್ತಾರಂತೆ." ಬಾಗಿಲನ್ನು ಎಳೆದುಕೊಂಡಳು. ಬಂದು ಮೊದಲ ಕುರ್ಚಿಯಲ್ಲಿ ಕೂತು, ಸೊಸೆಯ ಕಡೆ ತಿರುಗದೆ, "ಕೀಳಿ ಡಾಕ್ಟ್ರಮ್ಮ. ಬೇಗ ಕೀಳಿ. ತಡ ಮಾಡಿ ಸಾಯಿಸ್ಬ್ಯಾಡಿ ಆ ಮಗೀನ" ಅಂದಳು. ಯಾವ ಮಗು ಎಂದು ಹೇಳಲಿಲ್ಲ. ನನಗಂತೂ ಇಬ್ಬರೂ ಮಕ್ಕಳೇ ಅನ್ನಿಸಿತು.

ಜುಬೇದಾ ಇಂದ್ರಾಣಿಯ ಭುಜ ಹಿಡಿದು ನಿಂತಳು. ನಾನು ಇಕ್ಕಳ ಎತ್ತಿಕೊಂಡೆ. ಹಲ್ಲಿನ ಬುಡ ಸಡಿಲಿಸಲು ಒತ್ತಿದ್ದೇ ತಡ, ಎರಡನೇ ಕುರ್ಚಿಯಿಂದ ಒಂದು ಕೂಗು ಎದ್ದಿತು. ನಾನು ಅಂಥ ಕೂಗು ಕೇಳಿರಲಿಲ್ಲ, ಗ್ಯಾಸು ಬಂದ ಮೇಲೆ ಈ ಊರೇ ಕೇಳಿರಲಿಲ್ಲ.

"ಸಣ್ಣರಂಗೀ!"

ಅತ್ತೆಯ ಹೆಸರು ಹಿಡಿದು ಕೂಗಿದ್ದಳು. ಸಣ್ಣರಂಗಮ್ಮನ ಕಣ್ಣು ಗೋಲಿಯಷ್ಟಾಯಿತು. ಬಾಯಿಯೊಳಗೆ ನನ್ನ ಇಕ್ಕಳ, ಉತ್ತರ ಕೊಡುವ ಹಾಗಿಲ್ಲ.

"ನಿನ್ ಬಾಯಿಗೆ ಮಣ್ಣಾಕ! ನಿನ್ ಹಲ್ಲು ಉದುರ್ಹೋಗ! ಪಾಕದಲ್ಲಿ ನೊಣ ಬಿದ್ರೆ ಏಲಕ್ಕಿ ಅಂತ ಮಾರ್ತೀಯಲ್ಲೇ! ನಿನ್ ಬರ್ಫಿ ಬರ್ಫಿನೇನೇ ಅದು? ಇಟ್ಟಿಗೆ! ಮನೆ ಕಟ್ಬೋದು ಅದ್ರಲ್ಲಿ! ಅಯ್ಯೋ ಅಮ್ಮಾ! ನಾನು ಸಾರು ಮಾಡಿದ್ರೆ ಕಲಗಚ್ಚು ಅಂತೀಯ, ಎರಡ್ ಸಲ ಬಡಿಸ್ಕೊತೀಯ! ಮಗ ಹೆಂಡ್ತಿ ಹತ್ರ ಕೂತ್ರೆ ನಿಂಗೆ ಅವಾಗ್ಲೇ ಎದೆ ಹಿಡ್ಕೊತದೆ, ಕೊಳ್ಳಿ ಇಕ್ಕ ನಿನ್ ಎದೆಗೆ!"

ಬಾಗಿಲಾಚೆಯಿಂದ ಪಾಪಣ್ಣನ ದನಿ ಸ್ಪಷ್ಟವಾಗಿ ಕೇಳಿತು: "ನಾನ್ ಹೇಳ್ಲಿಲ್ವಾ ಸಾರ್, ಏಲಕ್ಕಿಗೆ ರೆಕ್ಕೆ ಇತ್ತು ಅಂತ."

ಹಲ್ಲು ಒಂದು ಬೇರಿನಿಂದ ಬಿಟ್ಟಿತ್ತು, ಇನ್ನೊಂದು ಹಟ ಮಾಡುತ್ತಿತ್ತು. ನಾನು ಬೆವರುತ್ತಿದ್ದೆ. "ಇನ್ನೊಂದೇ ಒಂದು ಸಲ ಇಂದ್ರಾಣಿ, ಬೈಯಮ್ಮ, ಚೆನ್ನಾಗ್ ಬೈ" ಅಂದೆ. ವೈದ್ಯಕೀಯ ಪುಸ್ತಕದಲ್ಲಿ ಇಂಥ ಉಪಚಾರ ಬರೆದಿಲ್ಲ. ತಿರುಗಿಸಿ ಎಳೆದೆ. ಇಂದ್ರಾಣಿ ಬೆನ್ನು ಬಿಲ್ಲಾಗಿ ಮೇಲೆದ್ದಳು. ಈ ಸಲ ದನಿ ಬೇರೆಯಾಗಿತ್ತು.

"ಎರಡ್ ಸಲ ಊರ್ಗೆಲ್ಲ ಪೇಡ ಹಂಚ್ದೆ! ಮಗು ಹೋದ್ಮೇಲೆ ಒಂದ್ ದಿನ, ಒಂದೇ ಒಂದ್ ದಿನ ನನ್ ಪಕ್ಕ ಬಂದು ಕೂತ್ಯಾ? ಅಂಗಡಿ ಬಾಗ್ಲು ತೆಗ್ದೆ! ಬಾಣಲೆ ಇಟ್ಟೆ! ನಾನ್ ಒಳಗೆ ಬಿದ್ದಿದ್ರೆ, ನೀನು ಹೊರಗೆ ಜಿಲೇಬಿ ಬಿಡ್ತಿದ್ಯಲ್ಲೇ, ನೀನೂ ಒಂದ್ ಹೆಂಗ್ಸೇನೇ!"

ಹಲ್ಲು ಬಂತು. ಅದರ ಹಿಂದೆ ಕೀವೂ ಬಂತು. ನಾನು ಒರೆಸಿ, ತೊಳೆದು, ಹತ್ತಿಯ ಉಂಡೆ ಇಟ್ಟು ಕಚ್ಚಿಕೊಳ್ಳಿ ಅಂದೆ. ಸಣ್ಣರಂಗಮ್ಮ ಕಚ್ಚಿದಳು. ಅವಳ ಎರಡೂ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ನೋವಿಗಲ್ಲ. ಅವಳಿಗೆ ನೋವಾಗುವ ಹಾಗೇ ಇಲ್ಲ.

ಎರಡನೇ ಕುರ್ಚಿಯಲ್ಲಿ ಇಂದ್ರಾಣಿ ಹಿಂಡಿದ ಬಟ್ಟೆಯಂತೆ ಬಿದ್ದಿದ್ದಳು. ನಾನು ನಾಡಿ ನೋಡಿದೆ, ಹೊಟ್ಟೆ ಹಿಡಿದಿದೆಯಾ, ಬೇರೇನಾದರೂ ಆಗುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಇನ್ನು ಹೆದರಬೇಡ, ನಾಳೆ ಒಂದು ಸಲ ಲೇಡಿ ಡಾಕ್ಟರ ಹತ್ತಿರ ಹೋಗಿಬಾ ಎಂದು ಹೇಳಿ ನೀರು ಕುಡಿಸಿದೆ. ನೀರು ಗಂಟಲಿಗೆ ಇಳಿದ ಮೇಲೆ ಅವಳಿಗೆ ತಾನು ಏನೇನು ಕೂಗಿದೆ ಎಂಬುದು ನೆನಪಾಗಿರಬೇಕು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅತ್ತೆಮ್ಮ, ಅದು… ನೋವಿಗೆ…"

ಸಣ್ಣರಂಗಮ್ಮ ಕೈ ಎತ್ತಿ ಸುಮ್ಮನಿರು ಅಂದಳು. ಮಾಫಿ ಇದೆಯಲ್ಲ, ಅವಳು ಮುನಿಯುವ ಹಾಗಿಲ್ಲ. ಆ ಹೆಂಗಸು ಕುರ್ಚಿಯಿಂದ ಇಳಿದು, ಊದಿದ ಕತ್ತನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಎರಡು ಹೆಜ್ಜೆ ಇಟ್ಟು ಸೊಸೆಯ ಪಕ್ಕ, ಅದೇ ಕುರ್ಚಿಯ ಅಂಚಿನಲ್ಲಿ, ಇದ್ದಷ್ಟು ಜಾಗದಲ್ಲಿ ಕೂತಳು. ಕುರ್ಚಿ ಕಿರುಗುಟ್ಟಿತು. ಆಮೇಲೆ ನನ್ನ ಕಡೆ ನೋಡಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ತೊದಲಿದಳು.

"ಡಾಕ್ಟ್ರಮ್ಮ, ಹೆರಿಗೆ ನೋವೂ ಹಿಂಗೆ ಒಬ್ರಿಂದ ಒಬ್ರಿಗೆ ಹೋಗ್ತದಾ?"

"ಇಲ್ಲ ಸಣ್ಣರಂಗಮ್ಮನೋರೇ. ಅದು ಅವರವರದೇ."

"ಹೋಗಂಗಿದ್ರೆ ನಾನೇ ತಗೊತಿದ್ದೆ" ಅಂದಳು. ಅನ್ನುತ್ತ ಸೊಸೆಯ ಒದ್ದೆ ಕೂದಲನ್ನು ಹಣೆಯಿಂದ ಹಿಂದಕ್ಕೆ ಒತ್ತಿದಳು. "ಒಂದು ಮಾತು ಬಿಡ್ದಂಗೆ ನಿನ್ನನ್ನೂ ಬೈತಿದ್ದೆ."

ಇಂದ್ರಾಣಿ ಸೆರಗಿನೊಳಗಿಂದಲೇ ಹೇಳಿದಳು: "ಏನ್ ಉಳ್ಸಿದ್ದೀರ ಅತ್ತೆಮ್ಮ, ಹೊಸದಾಗಿ ಬೈಯೋಕೆ?"